ನಮೂನೆ ಕೋರ್ಟಿನ ಸಾಕ್ಷಿ

ಗಜೇಂದ್ರಗಡದ ನಮ್ಮ ಓಣಿಗೆ ಬಿಸಿಲು ನೂಲಿನ ನಡುವಿನಿಂದ ಬರುತ್ತಿತ್ತು. ಬೆಳಿಗ್ಗೆ ಗಂಡಸರು ಓಣಿಯ ಉದ್ದಕ್ಕೂ ಹಾಸು ಕಟ್ಟುತ್ತಿದ್ದರು. ಗೂಟದಿಂದ ಗೂಟಕ್ಕೆ ಎಳೆಗಳನ್ನು ಬಿಗಿದು, ಗಂಜಿ ಹಚ್ಚಿ, ಒಣಗಲು ಬಿಡುತ್ತಿದ್ದರು. ಆಚೆ ಬದಿಯ ಮನೆ, ಅದರ ಕಟ್ಟೆ, ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತ ಮುದುಕಿ, ಎಲ್ಲವೂ ಆ ಎಳೆಗಳ ಹಿಂದೆ ನೀರಿನಲ್ಲಿ ಕಂಡ ಹಾಗೆ ಕಾಣುತ್ತಿದ್ದವು. ಗುಡ್ಡದಿಂದ ಗಾಳಿ ಇಳಿದರೆ ಇಡೀ ಓಣಿ ಸಣ್ಣಗೆ ನಡುಗುತ್ತಿತ್ತು. ಆ ವರ್ಷಗಳು ನನಗೆ ಈಗಲೂ ಹಾಗೆಯೇ ನೆನಪಾಗುತ್ತವೆ. ಯಾರ ಮುಖವೂ ಪೂರ್ತಿ ಕಾಣುವುದಿಲ್ಲ. ಮಾತು ಕೇಳಿಸುತ್ತದೆ, ಮಗ್ಗದ ಸದ್ದಿನ ನಡುನಡುವೆ.

ಎರಡು ಮಧ್ಯಾಹ್ನಗಳು ಮಾತ್ರ ಹಾಗಿಲ್ಲ. ಅವು ಕಣ್ಣಿಗೆ ಕಟ್ಟಿದಂತಿವೆ. ಒಂದರಲ್ಲಿ ನಾನು ಒಂದು ಸಂಗತಿಯನ್ನು ನೋಡಿದೆ. ಇನ್ನೊಂದರಲ್ಲಿ ನೋಡಿಲ್ಲ ಎಂದೆ.

ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಅವ್ವ ತೀರಿಕೊಂಡ ವರ್ಷ ಸಾಲಿ ಬಿಡಿಸಿದರು. ಆದರೂ ಮನೆಯಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. ಅಣ್ಣನಿಗೆ ಸಹಿ ಮಾಡಲು ಬರುತ್ತಿತ್ತು, ಅಷ್ಟೇ. ಅಕ್ಕನಿಗೆ ಅದೂ ಇಲ್ಲ. ಅವಳು ಮದುವೆಯಾಗಿ ಹೋಗಿ ಮೂರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೇ ಬಂದಿದ್ದಳು. ಬಂದ ಮರುದಿನವೇ ಅಪ್ಪನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಳು. ಯಾರೂ ಕೂಡ್ರು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅಪ್ಪನಿಗೆ ಆಗಲೇ ದಮ್ಮು ಹತ್ತಿತ್ತು. ಅವನು ಗೋಡೆಗೆ ಒರಗಿ ಅವಳು ನೇಯುವುದನ್ನು ನೋಡುತ್ತಿದ್ದ. ಅವಳ ಕೈ ಅಪ್ಪನ ಕೈಯೇ. ಅಂಚು ಒಂದು ನೂಲಿನಷ್ಟೂ ಒಳಗೆ ಸರಿಯುತ್ತಿರಲಿಲ್ಲ.

ನಮ್ಮ ಮಂದಿಯಲ್ಲಿ ಮಗ್ಗವನ್ನು ಕೊಡುವ ಒಂದು ರೀತಿ ಇತ್ತು. ಕಾಗದವಿಲ್ಲ, ಪತ್ರವಿಲ್ಲ. ನೂಲು ಸುತ್ತಿ ತುಂಬಿದ ಕಂಡಿಕೆ ಹಾಕಿದ ಲಾಳಿಯನ್ನು ಕೊಡುವವನು ಕೊಳ್ಳುವವನ ಬಲಗೈಯಲ್ಲಿ ಇಡಬೇಕು. ಕೊಳ್ಳುವವನು ಆಗಲೇ ಮೂರು ಸಲ ಲಾಳಿ ಹಾಯಿಸಬೇಕು. ಅದನ್ನು ಒಬ್ಬರು ನಿಂತು ನೋಡಬೇಕು. ಅಲ್ಲಿಗೆ ಮಗ್ಗ ಕೈ ಬದಲಾಯಿತು.

ಅಪ್ಪ ತೀರಿಕೊಳ್ಳುವ ಎಂಟು ದಿನ ಮೊದಲು ಅಕ್ಕನಿಗೆ ಹಾಗೆ ಕೊಟ್ಟ. ಅಣ್ಣ ಸೀರೆ ಮಾರಲು ಗುಳೇದಗುಡ್ಡಕ್ಕೆ ಹೋಗಿದ್ದ. ವೈನಿ, ಅಂದರೆ ಅಣ್ಣನ ಹೆಂಡತಿ, ಹಿತ್ತಲಲ್ಲಿದ್ದಳು. ನಾನು ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದೆ. ಅಪ್ಪ ನನ್ನ ಬುಟ್ಟಿಯಿಂದಲೇ ಒಂದು ಕಂಡಿಕೆ ತೆಗೆದುಕೊಂಡ, ಹಳದಿ ನೂಲಿನದು. ಅದನ್ನು ಲಾಳಿಗೆ ಹಾಕಿ ಅಕ್ಕನ ಬಲಗೈಯಲ್ಲಿ ಇಟ್ಟ.

"ಇನ್ನ ಇದು ನಿಂದವಾ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ನೋಡೀಯಿಲ್ಲ ಸಣ್ಣಾಕಿ?" ಎಂದು ಕೇಳಿದ.

"ನೋಡೀನಪಾ," ಎಂದೆ.

ಅಕ್ಕ ಮೂರು ಸಲ ಲಾಳಿ ಹಾಯಿಸಿದಳು. ಹೊರಗೆ ಯಾರದೋ ಹಾಸು ಗಾಳಿಗೆ ಗುಂಯ್ ಎನ್ನುತ್ತಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡ. ಆ ಮಧ್ಯಾಹ್ನದ ಬೆಳಕು ಎಷ್ಟು ಮೆತ್ತಗಿತ್ತೆಂದರೆ, ಅದನ್ನು ಮಡಚಿ ಇಟ್ಟುಕೊಳ್ಳಬಹುದು ಎನ್ನಿಸುತ್ತಿತ್ತು.

ಅಪ್ಪ ಹೋಗಿ ವರ್ಷ ತುಂಬುವವರೆಗೆ ಅಣ್ಣ ಸುಮ್ಮನಿದ್ದ. ಆಮೇಲೆ ವೈನಿಯ ತಮ್ಮ ನಮ್ಮ ಮನೆಗೆ ನೇಯಲು ಬರುವ ಮಾತು ಹುಟ್ಟಿತು.

"ಮಗ್ಗ ಮನಿದು," ಎಂದ ಅಣ್ಣ. "ಗಂಡ್ಸು ಕೂತರ ವಾರಕ್ಕೊಂದು ಸೀರಿ ಇಳಿತೈತಿ. ನೀ ಕಂಡಿಕಿ ಸುತ್ತಕೋತ ಇರು. ನಿನಗ ಇಲ್ಲಿ ಏನ್ ಕಡಿಮಿ?"

"ಅಪ್ಪ ನನ್ನ ಕೈಯಾಗ ಕೊಟ್ಟಾನ."

"ಯಾರ ಮುಂದ ಕೊಟ್ಟಾನ?"

ಅಕ್ಕ ನನ್ನ ಕಡೆ ನೋಡಿದಳು. ನಾನು ಒಲೆಯ ಕಡೆ ನೋಡಿದೆ. ಆ ದಿನ ಅವಳು ನನ್ನನ್ನು ಒತ್ತಾಯ ಮಾಡಲಿಲ್ಲ. ನನಗೆ ಆಗಷ್ಟೇ ನರಗುಂದದ ಕಡೆಯಿಂದ ಸಂಬಂಧ ಕುದುರಿತ್ತು. ಮದುವೆ ಮಾಡಿಕೊಡುವವನು ಅಣ್ಣ. ಅದನ್ನು ಅವಳೂ ಬಲ್ಲಳು.

ಅಕ್ಕನಿಗೆ ಆ ಮಗ್ಗವೆಂದರೆ ಏನೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಮಗ್ಗವಿದ್ದರೆ ಅವಳು ಆ ಮನೆಯಲ್ಲಿ ನೇಕಾರಳು. ಇಲ್ಲದಿದ್ದರೆ ಉಣ್ಣುವ ಒಂದು ಬಾಯಿ. ವೈನಿ ಕೆಟ್ಟವಳಲ್ಲ, ಆದರೂ ರೊಟ್ಟಿ ಹಾಕುವಾಗ ಎರಡಕ್ಕೂ ಬೇರೆ ಬೇರೆ ಮುಖ ಇರುತ್ತದೆ.

ಕನ್ನಡ ನಾಡು ಒಂದಾದ ಹೊಸತು ಅದು. ಆ ಬೇಸಿಗೆಯಲ್ಲಿ ಕಾಯ್ದೆದವರು ಬಂದರು. ಧಾರವಾಡದ ಕಡೆಯ ಕೆಲವು ವಕೀಲರು ಕೂಡಿ ಒಂದು ಸಂಘ ಮಾಡಿಕೊಂಡಿದ್ದರು. ಬಡವರಿಗೆ ಅವರ ಹಕ್ಕುಗಳನ್ನು ತಿಳಿಸಿ ಹೇಳುವುದು ಅವರ ಕೆಲಸ. ಸಂಘಕ್ಕೆ ದೊಡ್ಡ ಹೆಸರಿತ್ತು. ಊರವರು ನಾಲಿಗೆ ಹೊರಳದೆ ಅವರನ್ನು 'ಕಾಯ್ದೆದವರು' ಎಂದೇ ಕರೆದರು. ಬಸ್ಸಿನ ಮೇಲೆ ಒಂದು ಕಟ್ಟಿಗೆಯ ಪೆಟ್ಟಿಗೆ ಹೇರಿಕೊಂಡು, ರೋಣ ತಾಲೂಕಿನ ಸಂತೆಯಿಂದ ಸಂತೆಗೆ ಹೋಗುತ್ತಿದ್ದರು. ಮೂರು ಮಂದಿ. ಕರೀ ಕೋಟಿನ ಹಿರಿಯ ವಕೀಲರು, ಬರೆದುಕೊಳ್ಳುವ ತರುಣ, ಮತ್ತು ಒಬ್ಬ ಬಾಯಿ, ಅಂದರೆ ಓದಿದ ಹೆಣ್ಣುಮಗಳು. ಹೆಂಗಸರಲ್ಲೂ ವಕೀಲರಿರುತ್ತಾರೆ ಎಂಬುದು ನಮಗೆ ಅಂದೇ ಗೊತ್ತಾದದ್ದು. ಆ ಬಾಯಿಯ ಕನ್ನಡಕವನ್ನು ನೋಡಲೆಂದೇ ಕೆಲವರು ಬಂದಿದ್ದರು.

ಸಂತೆಯ ಬದಿಗೆ ಒಂದು ದೊಡ್ಡ ಬೇವಿನ ಗಿಡ. ಅದರ ಟೊಂಗೆಗಳಿಗೆ ಚಿತ್ರ ಬರೆದ ಅರಿವೆಗಳನ್ನು ಇಳಿಬಿಟ್ಟರು. ಒಂದರಲ್ಲಿ ಸರಕಾರಿ ಬಾವಿಗೆ ಎಲ್ಲ ಓಣಿಯವರೂ ಕೊಡ ಇಳಿಸುತ್ತಿದ್ದರು. ಇನ್ನೊಂದರಲ್ಲಿ ಚಹಾದ ಅಂಗಡಿಯ ಒಂದೇ ಬಾಕಿನ ಮೇಲೆ ಎಲ್ಲರೂ ಕೂತಿದ್ದರು. ಅದನ್ನು ತೋರಿಸಿ ಬಾಯಿ, "ಯಾರನ್ನೂ ಹೊರಗ ನಿಲ್ಲಿಸಿ ಚಾ ಕೊಡೂ ಹಂಗಿಲ್ಲ. ಕೊಟ್ಟರ ಅದು ಅಪರಾಧ," ಎಂದಾಗ ಹಿಂದೆ ಬಿಸಿಲಲ್ಲಿ ನಿಂತಿದ್ದ ಕೆಲವರು ಒಂದು ಹೆಜ್ಜೆ ಮುಂದೆ ಬಂದರು. ನೆರಳಲ್ಲಿ ಕೂತ ಕೆಲವರು ಸರಿದು ಕೂತರು. ಕೊನೆಯ ಅರಿವೆಯಲ್ಲಿ ಒಂದು ದೊಡ್ಡ ಹೆಬ್ಬೆಟ್ಟು.

"ಓದಿಸದ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬ್ಯಾಡ್ರಿ," ಎಂದರು ಬಾಯಿ. "ನಿಮ್ಮ ನಂಬಿಗಿ ಮಂದಿ ಕಡಿಂದ ಓದಿಸ್ರಿ. ಪೂರಾ ಓದಿಸ್ರಿ."

ಅಕ್ಕ ಅದನ್ನು ಬಾಯಲ್ಲೇ ಒಂದು ಸಲ ಹೇಳಿಕೊಂಡಳು. ನಾನು ಪಕ್ಕದಲ್ಲಿದ್ದೆ, ಕೇಳಿದೆ.

ಆಮೇಲೆ ಕೋರ್ಟಿನ ಆಟ. ಅದು ಅವರ ಪದ್ಧತಿ. ಕೋರ್ಟೆಂದರೆ ಮಂದಿ ಹೆದರುತ್ತಾರೆ, ಅದಕ್ಕೆ ಊರವರಿಂದಲೇ ವೇಷ ಕಟ್ಟಿಸಿ, ಅಲ್ಲಿ ಏನೇನು ಆಗುತ್ತದೆ ಎಂಬುದನ್ನು ತೋರಿಸುತ್ತಿದ್ದರು. ಮೇಜು, ಕುರ್ಚಿ, ಗಂಟೆ. ಹಿರಿಯ ವಕೀಲರು ನ್ಯಾಯಾಧೀಶರಾಗಿ ಕೂತರು. ಅವರದೇ ಒಂದು ಕಥೆ ಇತ್ತು, ತಂಗಿಗೆ ಅಪ್ಪ ಕೊಟ್ಟ ಆಕಳನ್ನು ಅಣ್ಣ ಕಸಿದುಕೊಂಡದ್ದು. ಅಣ್ಣನಾಗಲು ಕಿರಾಣಿ ಅಂಗಡಿಯವ ಕರೆಯುವ ಮೊದಲೇ ಎದ್ದು ಬಂದ.

"ಆಕಳ ನಂದು, ತಂಗೀನೂ ನಂದು, ಈ ಬೇವಿನ ಗಿಡಾನೂ ನಂದು!" ಎಂದು ಮೀಸೆ ತಿರುವಿದ.

"ನಿನ್ನ ಅಂಗಡ್ಯಾಗಿನ ಬ್ಯಾಳ್ಯಾಗ ಹರಳ ಇರ್ತಾವಲ್ಲ, ಅವೂ ನಿಂದ ಏನಪಾ?" ಎಂದಳು ಒಬ್ಬ ಮುದುಕಿ. ಸಂತೆಯೆಲ್ಲ ನಕ್ಕಿತು.

"ತಂಗಿ ಆಗೂವರು ಯಾರವಾ?" ಎಂದು ಬಾಯಿ ಕೇಳಿದರು. ಹೆಂಗಸರೆಲ್ಲ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಯಾರೂ ಏಳಲಿಲ್ಲ. ಹಾಗೆ ಯಾರೂ ಏಳದ ಹೊತ್ತಿನಲ್ಲಿ ಅಕ್ಕ ಎದ್ದಳು.

ಮುಂದೆ ಹೋಗಿ ನಿಂತು, "ಆಕಳ ಬ್ಯಾಡ್ರಿ," ಎಂದಳು. "ಮಗ್ಗ ಅನ್ರಿ."

ಬಾಯಿ ನಕ್ಕು, "ಆತು ಬಿಡು, ಮಗ್ಗನ ಆಗಲಿ," ಎಂದರು. ಅವರಿಗೆ ಅದು ಆಟದ ಮಾತು. ಕಿರಾಣಿಯವನ ಮುಖದ ನಗು ಮಾತ್ರ ಸ್ವಲ್ಪ ಇಳಿಯಿತು. ಗುಂಪಿನ ಅಂಚಿನಲ್ಲಿ, ಗಾಡಿಯ ಗಾಲಿಗೆ ಒರಗಿ ಅಣ್ಣ ನಿಂತಿದ್ದ. ನಮ್ಮ ಓಣಿಯ ನಾಲ್ಕು ಮಂದಿ ಹಿರಿಯರೂ ಇದ್ದರು.

ಅಕ್ಕ ಲಾಳಿಯ ಸಂಗತಿ ಹೇಳಿದಳು. ಕಂಡಿಕೆಯ ಬಣ್ಣವನ್ನೂ ಬಿಡಲಿಲ್ಲ. ಮನೆಯಲ್ಲಿ ಅಷ್ಟು ಮಾತು ಅವಳು ಯಾವತ್ತೂ ಆಡಿದವಳಲ್ಲ.

"ಸಾಕ್ಷಿ ಯಾರರ ಇದ್ದಾರೇನು?" ಎಂದರು ಹಿರಿಯ ವಕೀಲರು.

"ನನ್ನ ತಂಗಿ ನೋಡ್ಯಾಳ್ರಿ. ಅಗೊ ಅಲ್ಲೆ ಕೂತಾಳ."

ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ನನ್ನ ಇನ್ನೊಂದು ಪಕ್ಕದಲ್ಲಿ ನರಗುಂದದಿಂದ ಬಂದ ನನ್ನ ಮುಂದಿನ ಅತ್ತೆ ಕೂತಿದ್ದರು. ಮುಹೂರ್ತ ಗೊತ್ತು ಮಾಡಿಕೊಂಡು, ಸಂತೆ ಮುಗಿಸಿಕೊಂಡು ಹೋಗಲು ಬಂದವರು. ನಾನು ಏಳುವಾಗ ಅವರು ನನ್ನ ಸೆರಗು ಹಿಡಿದು ಒಂದು ಸಲ ಎಳೆದರು. ಅಷ್ಟೇ. ಮೇಜಿನವರೆಗೆ ಹೇಗೆ ಹೋದೆನೋ ತಿಳಿಯದು. ಬೇವಿನ ನೆರಳು ಮೈಮೇಲೆ ಚುಕ್ಕೆಚುಕ್ಕೆಯಾಗಿ ಬೀಳುತ್ತಿತ್ತು. ಎಲ್ಲೋ ಒಂದು ಕತ್ತೆ ಕೂಗುತ್ತಿತ್ತು. ಬಾಯಿ ಖರೇ ಹೇಳುತ್ತೇನೆಂದು ಆಣೆ ಮಾಡಿಸಿದರು. ನಾನು ಅವರ ಹಿಂದೆಯೇ ಅಂದೆ.

"ನಿಮ್ಮಪ್ಪ ಇಕಿ ಕೈಯಾಗ ಲಾಳಿ ಇಟ್ಟಿದ್ದು ನೀ ನೋಡೀಯೇನು?"

"ನಾ ಒಳಗ ರೊಟ್ಟಿ ಬಡೀತಿದ್ನಿರಿ," ಎಂದೆ. "ನೋಡಿಲ್ರಿ."

ಯಾರೋ ಚಪ್ಪಾಳೆ ಹೊಡೆದರು, ಪಾತ್ರ ಚೆನ್ನಾಗಿ ಮಾಡಿದೆನೆಂದು. ಅಕ್ಕ ನನ್ನನ್ನು ಸಿಟ್ಟಿನಿಂದ ನೋಡಲಿಲ್ಲ. ನೇಯುವಾಗ ಎಳೆ ಹರಿದರೆ ಎಲ್ಲಿ ಹರಿಯಿತೆಂದು ಹುಡುಕುತ್ತಾರಲ್ಲ, ಹಾಗೆ ನೋಡಿದಳು.

ಹಿರಿಯ ವಕೀಲರು ತಮ್ಮ ಪಾಠ ಹೇಳಿದರು. ಮಾತು ಎಷ್ಟು ಖರೆಯಿದ್ದರೂ ಸಾಕ್ಷಿ ಬೇಕು, ಕೊಡುವಾಗ ಕೊಳ್ಳುವಾಗ ಇಬ್ಬರು ಮೂವರು ಇರಲಿ, ಎಂದರು. ತರುಣ ಒಂದು ಅಚ್ಚಿನ ಕಾಗದದ ಮೇಲೆ ತೀರ್ಪು ಬರೆದ. ಅದರ ಕೆಳಗೆ ಸಂಘದ ನೀಲಿ ಶಿಕ್ಕೆ ಒತ್ತಿ, ಗೆದ್ದವನೆಂದು ಕಿರಾಣಿಯವನ ಕೈಗೆ ಕೊಟ್ಟ. "ಇದು ನಮೂನಿರೀ, ಬರೇ ನಮೂನಿ," ಎಂದು ಹಿರಿಯ ವಕೀಲರು ಕೂಗಿ ಹೇಳಿದರು. ಆದರೆ ಅಷ್ಟರಲ್ಲಿ ಮಂದಿ ಎದ್ದಿದ್ದರು. ಬಸ್ಸು ಹಾರ್ನು ಹೊಡೆಯುತ್ತಿತ್ತು.

ನಮ್ಮವರ ತಿಳಿವಳಿಕೆಯ ಬಗ್ಗೆ ನಗಬಾರದು. ಕೋರ್ಟೆಂದರೆ ಅದು ರೋಣದಲ್ಲಿರುವುದು, ಅಲ್ಲಿಗೆ ಹೋದವನ ಮಗ ಮುಪ್ಪಾಗುವವರೆಗೆ ಮುಗಿಯದ್ದು ಎಂದೇ ಅವರು ಕೇಳಿ ಬೆಳೆದವರು. ಅಂಥ ಕೋರ್ಟು ತಾನೇ ಬಸ್ಸು ಹತ್ತಿ, ಕರೀ ಕೋಟು ಹಾಕಿಕೊಂಡು ತಮ್ಮ ಬೇವಿನ ಗಿಡದ ಕೆಳಗೆ ಬಂದು, ಶಿಕ್ಕೆ ಒತ್ತಿ ಹೋದ ಮೇಲೆ ಅದನ್ನು ಆಟ ಎಂದು ಯಾರು ನಂಬಿಯಾರು? ಬೆಳವಣಕಿಯ ಕಡೆಯ ರೈತನೊಬ್ಬ ತನ್ನ ಹೊಲದ ಬದುವಿನ ತಂಟೆಯನ್ನೂ ಈಗಲೇ ತೀರಿಸಿಕೊಡಿರೆಂದು ಬಸ್ಸಿನ ಬಾಗಿಲವರೆಗೆ ಹೋಗಿದ್ದ. ನಮ್ಮ ಓಣಿಯ ಹಿರಿಯರು ಅಂದೇ ಸಂಜೆ ಕಟ್ಟೆಯ ಮೇಲೆ ಕೂತು, "ಕೋರ್ಟಾತು, ಮುಗೀತು. ಇನ್ನ ನಾವ್ಯಾಕ ಬಾಯಿ ಹಾಕೂಣು," ಎಂದರು. ಅಣ್ಣ ಕಿರಾಣಿಯವನಿಂದ ಆ ಕಾಗದ ಇಸಿದುಕೊಂಡಿದ್ದ. ಅವನು ಮೋಸಗಾರನಲ್ಲ. ಆ ಶಿಕ್ಕೆಯನ್ನು ಅವನು ಖರೇ ನಂಬಿದ. ದೇವರ ಮುಂದೆ ಇಟ್ಟು ಕೈ ಮುಗಿದ.

ನಂಬದೆ ಇದ್ದವಳು ಅಕ್ಕ. ಮರುದಿನ ಮುಂಜಾನೆ ಅವಳು ಅದನ್ನು ದೇವರ ಗೂಡಿನಿಂದ ತೆಗೆದುಕೊಂಡು ನಾನು ಕೂತಲ್ಲಿಗೆ ಬಂದಳು. ಆ ಬಾಯಿ ಹೇಳಿದಂತೆಯೇ ಮಾಡಿದಳು. ನಂಬಿಗೆಯ ಮಂದಿಯ ಹತ್ತಿರ ಬಂದಳು.

"ಪೂರಾ ಓದವಾ," ಎಂದಳು.

ಆಗಿನ್ನೂ ನಾನು ಆಟದಲ್ಲಿ ಸುಳ್ಳು ಹೇಳಿದವಳು ಮಾತ್ರ. ಅಲ್ಲಿಗೆ ನಿಂತಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಕಾಗದದ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಇದು ತಿಳಿವಳಿಕೆಗಾಗಿ ನಡೆಸಿದ ನಮೂನೆ ಕೋರ್ಟು, ಈ ಕಾಗದಕ್ಕೆ ಕಾಯ್ದೆಯ ಬಲವಿಲ್ಲ. ಬುಡದಲ್ಲಿ ಇನ್ನೊಂದು ಸಾಲು: ಖರೇ ತಕರಾರು ಇದ್ದವರು ತಿಂಗಳ ಮೊದಲ ಸೋಮವಾರ ರೋಣದ ಕೋರ್ಟಿನ ಎದುರಿನ ಸಂಘದ ಕೋಣೆಗೆ ಬಂದು ಕಾಣಬೇಕು, ಯಾವ ಫೀಯೂ ಇಲ್ಲ. ನಾನು ಎರಡನ್ನೂ ಕಣ್ಣಲ್ಲಿ ಓದಿದೆ. ಬಾಯಲ್ಲಿ ಓದಿದ್ದು ನಡುವಿನದನ್ನು ಮಾತ್ರ. ಸಾಕ್ಷಿ ಇಲ್ಲದ್ದರಿಂದ ಮಗ್ಗವು ಅಣ್ಣನಿಗೆ ಸೇರಿದ್ದು, ಎಂದು.

"ಮ್ಯಾಲ ಸಣ್ಣಂದು ಏನೈತಿ?" ಎಂದು ಅಕ್ಕ ಬೆರಳಿಟ್ಟು ಕೇಳಿದಳು.

"ಅದು ಛಾಪಖಾನಿ ಹೆಸರಕ್ಕಾ."

"ಕೆಳಗಿಂದು?"

"ಅದೂ ಛಾಪಖಾನೀದ."

ಅವಳು ಕಾಗದವನ್ನು ಮಡಚಿ ಎಲ್ಲಿಂದ ತೆಗೆದಿದ್ದಳೋ ಅಲ್ಲಿಯೇ ಇಟ್ಟಳು. ಯಾಕೆ ಹಾಗೆ ಮಾಡಿದೆ ಎಂದು ನಾನು ನನ್ನನ್ನು ಸಾವಿರ ಸಲ ಕೇಳಿಕೊಂಡಿದ್ದೇನೆ. ಮೇಲಿನ ಸಾಲು ಓದಿದರೆ ಅವಳು ಕೆಳಗಿನದನ್ನು ಕೇಳುತ್ತಾಳೆ, ಕೆಳಗಿನದನ್ನು ಓದಿದರೆ ರೋಣಕ್ಕೆ ಹೋಗುತ್ತಾಳೆ, ಹೋದರೆ ನನ್ನನ್ನು ಕರೆಯುತ್ತಾಳೆ. ಮದುವೆಗೆ ಇನ್ನು ಇಪ್ಪತ್ತು ದಿನವೂ ಇರಲಿಲ್ಲ. ಹೀಗೆ ಲೆಕ್ಕ ಹಾಕಿದೆನೆಂದು ಈಗ ಹೇಳುತ್ತೇನೆ. ಆಗ ಲೆಕ್ಕವೂ ಇರಲಿಲ್ಲ. ನಾಲಿಗೆ ತಾನೇ ಆ ಸಾಲುಗಳನ್ನು ದಾಟಿ ಹೋಯಿತು, ಹಾಸಿನ ಕೆಳಗೆ ನಾವು ಬಗ್ಗಿ ದಾಟುತ್ತಿದ್ದೆವಲ್ಲ ಹಾಗೆ.

ಅಕ್ಕ ಅಣ್ಣನಲ್ಲಿ ಒಂದೇ ಒಂದು ಮಾತು ಕೇಳಿಕೊಂಡಳು. ಮಗ್ಗದ ಮೇಲಿರುವ ಸೀರೆಯನ್ನು ಮುಗಿಸುತ್ತೇನೆ ಎಂದಳು. ಅದು ನನ್ನ ಮದುವೆಯ ಸೀರೆ. ಒಂಬತ್ತು ದಿನ ನೇಯ್ದಳು. ನಾನು ಕಂಡಿಕೆ ಸುತ್ತಿ ಕೊಟ್ಟೆ. ಆ ಒಂಬತ್ತು ದಿನಗಳು ಕನಸಿನಲ್ಲಿ ನಡೆದಂತಿವೆ. ಮಾತಿಲ್ಲ, ಲಾಳಿಯ ಸದ್ದು ಮಾತ್ರ, ಕಿಟಕಿಯಿಂದ ಬಿಸಿಲು ಅವಳ ತೋಳಿನ ಮೇಲೆ ಬಂದು, ನಿಧಾನಕ್ಕೆ ಇಳಿದು, ಕುಣಿಯೊಳಗೆ ಹೋಗಿ ಮುಳುಗುತ್ತಿತ್ತು. ಆಮೇಲೆ ನರಗುಂದದಲ್ಲಿ ಎಷ್ಟೋ ಸಲ ಆ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದ್ದೇನೆ. ಎಲ್ಲಾದರೂ ಒಂದು ಎಳೆ ತಪ್ಪಿರಲಿ, ಸಿಟ್ಟಿಗೆ ಒಂದು ಕಡೆಯಾದರೂ ಕೈ ಬಿಗಿದಿರಲಿ ಎಂದು ಹುಡುಕಿದ್ದೇನೆ. ಇರಲಿಲ್ಲ.

ನನ್ನ ಮದುವೆಯಾದ ತಿಂಗಳಲ್ಲಿ ವೈನಿಯ ತಮ್ಮ ಬಂದು ಮಗ್ಗಕ್ಕೆ ಕೂತ. ಅಕ್ಕ ಸೂಡಿಗೆ ಹೋದಳು. ಅಲ್ಲಿ ನಮ್ಮ ದೂರದ ನೆಂಟರ ಮನೆಯಲ್ಲಿ ಎರಡು ಮಗ್ಗಗಳಿದ್ದವು. ಒಂದರ ಮೇಲೆ ಅವರಿಗೆ ನೇಯ್ದುಕೊಡುತ್ತ, ಅವರ ಪಡಸಾಲೆಯಲ್ಲಿ ಮಲಗುತ್ತ ಇದ್ದಳು.

ನರಗುಂದ ಕರೀ ಮಣ್ಣಿನ ಊರು. ಅಲ್ಲಿ ಮಗ್ಗದ ಸದ್ದಿಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಗಾಳಿಯಲ್ಲಿ ಸಣ್ಣ ಸಣ್ಣ ಬಿಳೀ ಎಳೆಗಳು ತೇಲಾಡುತ್ತ ಮನೆಯೊಳಗೆ ಬರುತ್ತಿದ್ದವು. ಎರಡು ವರ್ಷ ಅವುಗಳನ್ನು ನೋಡುತ್ತ ಕಳೆದೆ. ಒಂದು ಮಗುವೂ ಆಯಿತು. ಅತ್ತೆ ಕಡಿಮೆ ಮಾತಿನವರು. ಅವರು ಸೆರಗು ಎಳೆದದ್ದನ್ನು ನಾನು ಮರೆತಿರಲಿಲ್ಲ. ಆದ್ದರಿಂದ ಅವರೆದುರು ನಾನೂ ಕಡಿಮೆ ಮಾತಾಡುತ್ತಿದ್ದೆ.

ಅಲ್ಲಿಗೂ ಕಾಯ್ದೆದವರು ಬಂದರು. ಅದೇ ಪೆಟ್ಟಿಗೆ, ಅದೇ ಚಿತ್ರಗಳು, ಬಣ್ಣ ಮಾತ್ರ ಸ್ವಲ್ಪ ಮಾಸಿತ್ತು. ನಾನು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅತ್ತೆಯ ಜೊತೆ ಹೋಗಿದ್ದೆ. ಆಟ ಸುರುವಾಗುವ ಮೊದಲು ಹಿರಿಯ ವಕೀಲರು ಎದ್ದು ನಿಂತರು.

"ಮೊದಲ ನಮ್ಮದೊಂದು ತಪ್ಪು ಹೇಳತೀನಿ," ಎಂದರು. "ಮುಂಚೆ ನಾವು ಈ ಆಟದ ತೀರ್ಪಿಗೆ ಶಿಕ್ಕಾ ಹೊಡೀತಿದ್ವಿ. ಮಂದಿ ಅದನ್ನ ಖರೇ ಅಂತ ತಿಳಕೊಂಡರು. ಒಬ್ಬಾಂವ ಬೆಳವಣಕಿ ಕಡಿಯಾಂವ, ಅಂಥಾ ಕಾಗದ ತನಗೂ ಒಂದು ಬೇಕಂತ ರೋಣಕ್ಕ ಬಂದಾಗ ನಮಗ ತಿಳೀತು. ಈಗ ಶಿಕ್ಕಾನೂ ಇಲ್ಲ, ಕಾಗದಾನೂ ಇಲ್ಲ. ಇದು ಆಟ. ಆಟ. ಆಟ ಅದ. ಮೂರು ಸಲ ಹೇಳೀನಿ."

ಕನ್ನಡಕದ ಬಾಯಿ ನಕ್ಕು, "ಗಜೇಂದ್ರಗಡದಾಗ ಆಟ ಭಾಳ ರಂಗೇರಿತ್ತು," ಎಂದರು. "ಸಾಕ್ಷಿ ಪಾರ್ಟ ಮಾಡಿದ ಹುಡಿಗಿ ಏನ್ ಚಲೋ ಮಾಡಿದ್ಲು! ರೊಟ್ಟಿ ಬಡೀತಿದ್ನಿರಿ ಅಂದ್ಲು. ನಾವು ಹೇಳಿಕೊಟ್ಟಿದ್ದೇ ಇಲ್ಲ."

ಮಂದಿ ನಕ್ಕರು. ನಾನು ಮಗುವನ್ನು ಅತ್ತೆಯ ತೊಡೆಯ ಮೇಲಿಟ್ಟು ಮನೆಗೆ ಬಂದುಬಿಟ್ಟೆ. ಅತ್ತೆ ಹಿಂದೆಯೇ ಬಂದರು. ನಾನು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಎಲ್ಲ ಹೇಳಿದೆ. ಲಾಳಿ, ಆಣೆ, ಕಾಗದದ ಮೇಲಿನ ಸಾಲು, ಕೆಳಗಿನ ಸಾಲು. ಕೊನೆಗೆ, "ನೀವೂ ಸೆರಗ ಜಗ್ಗಿದ್ರಿ," ಎಂದೆ.

"ನಾ ಜಗ್ಗಿದ್ನಾ?" ಅವರು ಬಹಳ ಹೊತ್ತು ನೆನಪು ಮಾಡಿಕೊಂಡರು. "ಏ ಹುಚ್ಚಿ, ನಿನ್ನ ಸೆರಗಿನ ತುದಿ ಎಲಿ ಅಡಕಿ ಉಗುಳಿದಲ್ಲೆ ಬಿದ್ದಿತ್ತು. ಎತ್ತಿದೆ. ನನ್ನ ಮ್ಯಾಲ ಹಾಕಬ್ಯಾಡ ಇದನ್ನ."

ಎರಡು ವರ್ಷ ನಾನು ಒರಗಿಕೊಂಡಿದ್ದ ಗೋಡೆ ಹಾಗೆ ಸರಿದು ಹೋಯಿತು. ನನ್ನನ್ನು ಯಾರೂ ತಡೆದಿರಲಿಲ್ಲ. ಅತ್ತೆ ಮಗುವಿನ ಮೂಗು ಒರೆಸಿ, "ನಾಳೆ ಸೂಡಿಗೆ ಹೋಗು," ಎಂದರು. "ಕೂಸು ಇಲ್ಲೇ ಇರಲಿ. ನಿನ್ನ ಗಂಡಗ ನಾ ಹೇಳ್ತೀನಿ."

ರೋಣದಲ್ಲಿ ಬಸ್ಸು ಬದಲಿಸಿ ಸೂಡಿಗೆ ಮುಟ್ಟಿದಾಗ ಹೊತ್ತು ನೆತ್ತಿಯ ಮೇಲಿತ್ತು. ಅಕ್ಕ ಬೇರೆಯವರ ಕುಣಿಯಲ್ಲಿ ಕಾಲು ಬಿಟ್ಟು ಕೂತಿದ್ದಳು. ಮಗ್ಗ ಅವಳ ಎತ್ತರಕ್ಕೆ ಹೊಂದಿರಲಿಲ್ಲ. ಕೆಳಗೊಂದು ಗೋಣಿಚೀಲ ಮಡಚಿ ಹಾಕಿಕೊಂಡಿದ್ದಳು. ಬಾ ಎಂದಳು, ನೀರು ಕೊಟ್ಟಳು, ಕೂಸನ್ನು ಯಾಕೆ ತರಲಿಲ್ಲವೆಂದು ಕೇಳಿ ಮತ್ತೆ ನೇಯಲು ಕೂತಳು. ನಾನು ಹೇಳುತ್ತ ಹೋದೆ. ಅವಳ ಕೈ ನಿಲ್ಲಲಿಲ್ಲ. ಕಾಗದದ ಮೇಲಿನ ಸಾಲಿಗೆ ಬಂದಾಗ ನಿಂತಿತು.

"ಛಾಪಖಾನಿ ಹೆಸರಲ್ಲೇನು ಅದು?"

"ಅಲ್ಲಕ್ಕಾ."

"ಮತ್ತೊಮ್ಮೆ ಹೇಳು. ಹ್ಯಾಂಗ ಬರದಿತ್ತೋ ಹಂಗ ಹೇಳು."

ಹೇಳಿದೆ. ಎರಡೂ ಸಾಲು. ಅವಳು ನನ್ನನ್ನು ಬಯ್ಯಬಹುದೆಂದು, ಅಳಬಹುದೆಂದು ದಾರಿಯುದ್ದಕ್ಕೂ ನೆನೆಸಿಕೊಂಡು ಬಂದಿದ್ದೆ. ಅವಳು ಬೆರಳು ಮಡಚಿ ಏನನ್ನೋ ಎಣಿಸಿದಳು.

"ಹಂಗಾರ ಖರೇ ಕೋರ್ಟು ಇನ್ನೂ ನಮ್ಮನ್ನ ಕೇಳೇ ಇಲ್ಲ," ಎಂದಳು. "ಮೊದಲ ಸೋಮವಾರ ಅಂದ್ರ ಇನ್ನ ನಾಕ ದಿನ ಐತಿ. ಇರ್ತೀಯೇನು?"

ಇದ್ದೆ. ಆ ನಾಲ್ಕು ದಿನ ಪಡಸಾಲೆಯಲ್ಲಿ ಅವಳ ಪಕ್ಕ ಮಲಗಿದೆ. ಅವಳು ಆ ಮಾತನ್ನೇ ಎತ್ತಲಿಲ್ಲ. ಸೋಮವಾರ ಮುಂಜಾನೆ ತಲೆ ಬಾಚಿಕೊಂಡು, ಬುತ್ತಿ ಕಟ್ಟಿಕೊಂಡು ಹೊರಟಳು.

ರೋಣದ ಆ ಕೋಣೆ ಬಹಳ ಸಣ್ಣದು. ಒಂದು ಮೇಜು, ಕನ್ನಡಕದ ಬಾಯಿ, ಗೋಡೆಗೆ ಒರಗಿಸಿಟ್ಟ ಚಿತ್ರದ ಸುರುಳಿಗಳು. ಅಕ್ಕ ಹೇಳಿದ್ದನ್ನು ಬಾಯಿ ಬರೆದುಕೊಂಡರು. ಕೈಗೆ ಇಟ್ಟು ಕೊಟ್ಟ ಸಾಮಾನಿಗೆ ಪತ್ರ ಬೇಕಿಲ್ಲ, ಕೊಟ್ಟದ್ದನ್ನು ಕಂಡವರಿದ್ದರೆ ಸಾಕು, ಎಂದರು. ಆಮೇಲೆ ನನ್ನ ಕಡೆ ನೋಡಿ ಲೇಖನಿ ಕೆಳಗಿಟ್ಟರು.

"ನೀನ ಅಲ್ಲ ಆ ರೊಟ್ಟಿ ಹುಡಿಗಿ?"

"ಹೌದ್ರಿ. ನಾ ರೊಟ್ಟಿ ಬಡೀತಿದ್ದಿಲ್ರಿ. ಕಂಡಿಕಿ ಸುತ್ತತಿದ್ದೆ. ನೋಡೀನ್ರಿ."

ಮೂರು ಮಂದಿ ಇದ್ದ ಆ ಕೋಣೆಯಲ್ಲಿ ಅದನ್ನು ಹೇಳುವುದು ಎಷ್ಟು ಹಗುರಾಗಿತ್ತೆಂದರೆ, ನನಗೆ ನಾಚಿಕೆಯಾಯಿತು. ಬಾಯಿ ಬರೆದದ್ದನ್ನು ಪೂರ್ತಿ ಓದಿ ಹೇಳಿದರು. ಅಕ್ಕ ಹೆಬ್ಬೆಟ್ಟು ಒತ್ತಿದಳು. ನಾನು ಸಹಿ ಮಾಡಿದೆ.

ಕೋರ್ಟಿನವರೆಗೆ ಹೋಗಲಿಲ್ಲ ಅದು. ಸಂಘದಿಂದ ಅಣ್ಣನಿಗೆ ಪತ್ರ ಹೋಯಿತು. ಕಿರಾಣಿಯವನೇ ಅದನ್ನು ಓಣಿಯ ಹಿರಿಯರ ಮುಂದೆ ಓದಿದನಂತೆ. ಹಿರಿಯರು ಈ ಸಲ ಬಾಯಿ ಹಾಕಿದರು. ತಿಂಗಳೊಳಗೆ ಅಣ್ಣ ಮಗ್ಗವನ್ನು ಬಿಚ್ಚಿ ಗಾಡಿಯಲ್ಲಿ ಹೇರಿಸಿ ಸೂಡಿಗೆ ಕಳಿಸಿದ. ತಾನು ಬರಲಿಲ್ಲ. "ಶಿಕ್ಕಾ ಇತ್ತಲ್ಲ, ನನಗೇನ್ ಗೊತ್ತು," ಎಂದಷ್ಟೇ ಅಂದನೆಂದು ಗಾಡಿಯವ ಹೇಳಿದ. ಅಕ್ಕ ಊರ ತುದಿಯಲ್ಲಿ ಒಂದು ಖೋಲಿ ಹಿಡಿದು, ಕುಣಿ ತೋಡಿಸಿ, ತನ್ನ ಎತ್ತರಕ್ಕೆ ಮಗ್ಗ ಹೂಡಿಕೊಂಡಳು.

ನಾನು ವರ್ಷಕ್ಕೆ ಎರಡು ಸಲವಾದರೂ ಹೋಗುತ್ತಿದ್ದೆ. ಅವಳು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ನನ್ನ ಮಗನಿಗೆ ಅಂಗಿಯ ಅರಿವೆ ನೇಯ್ದು ಕೊಟ್ಟಳು. ನಾನು ಬಂದ ದಿನ ಹೋಳಿಗೆ ಮಾಡುತ್ತಿದ್ದಳು. ಮಗ್ಗದ ಪಕ್ಕ ನನಗೆ ಮಣೆ ಹಾಕುತ್ತಿದ್ದಳು. ಎಲ್ಲ ಮೊದಲಿನಂತೆಯೇ ಇತ್ತು, ಬಿಸಿಲೂ ಹಾಗೆಯೇ ಬರುತ್ತಿತ್ತು.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗಲೇ ಅವಳಿಗೆ ಒಂದು ಟಪಾಲು ಬಂತು. ಧಾರವಾಡದ ಆ ಬಾಯಿ ಬರೆದದ್ದಿರಬೇಕು. ಅವರು ಆಗಾಗ ಬರೆಯುತ್ತಿದ್ದರು. ನಾನು ಕೈ ಚಾಚಿದೆ. ಅಕ್ಕ ಅದನ್ನು ಮಗ್ಗದ ಕಟ್ಟಿಗೆಯ ಮೇಲೆ ಇಟ್ಟಳು. ಸೀರೆಯ ಉಳಿದ ಒಂದು ಮೊಳ ಮುಗಿಸಿದಳು. ಆಮೇಲೆ ಎದ್ದು, ಹೊರಗೆ ಹೋಗಿ, ಎದುರುಮನೆಯ ಸಾಲಿ ಮಾಸ್ತರರ ಹೆಂಡತಿಯನ್ನು ಕರೆದುಕೊಂಡು ಬಂದಳು. ಆಕೆ ನನ್ನ ಪಕ್ಕದಲ್ಲೇ ಕೂತು ಓದಿದರು. ಅಕ್ಕ ತಲೆ ತಗ್ಗಿಸಿ ಕೇಳಿದಳು. ನಾನೂ ಕೇಳಿದೆ.